ಎಣ್ಣೆಯ ಕೆಳಗೆ ಹುಳಿ ಎಷ್ಟಿತ್ತು? ಶಿಕಾಗೋದ ಒಂದು ಜಾರ್ಡಿನೇರಾ ಪ್ರಕರಣ

ಈ ಪ್ರಕರಣದಲ್ಲಿ ಯಾರಿಗೂ ಕಾಯಿಲೆ ಆಗಲಿಲ್ಲ. ಅದನ್ನು ಮೊದಲೇ ಹೇಳಿಬಿಡುತ್ತೇನೆ. ಆದರೆ ಆಗಬಹುದಿತ್ತು. ಉಪ್ಪಿನಕಾಯಿ ಹಾಕಿ ಹಾಕಿ ಕೈ ಪಳಗಿದವರೇ ಇಂಥ ತಪ್ಪನ್ನು ಸುಲಭವಾಗಿ ಮಾಡುತ್ತಾರೆ ಅನ್ನುವ ಕಾರಣಕ್ಕೇ ಇದನ್ನು ಬರೆದಿಡುತ್ತಿದ್ದೇನೆ. ಸಂಬಂಧಪಟ್ಟವರು ಒಪ್ಪಿಗೆ ಕೊಟ್ಟಿದ್ದಾರೆ. ಗುರುತು ಸಿಗಬಾರದು ಅಂತ ಊರಿನ ಹೆಸರು ಬಿಟ್ಟಿದ್ದೇನೆ, ಒಂದೆರಡು ವಿವರ ಬದಲಿಸಿದ್ದೇನೆ. ಅವರನ್ನು ಇಲ್ಲಿ ‘ಅಕ್ಕ’ ಎಂದೇ ಕರೆಯುತ್ತೇನೆ. ನಾವೆಲ್ಲ ಹಾಗೇ ಕರೆಯುವುದು.

ಹಿನ್ನೆಲೆ

ಅಕ್ಕ ಮಲೆನಾಡಿನವರು. ಮದುವೆಯಾಗಿ ಶಿಕಾಗೋ ಹತ್ತಿರದ ಒಂದು ಊರಿಗೆ ಬಂದು ಹದಿನೈದು ವರ್ಷದ ಮೇಲಾಯಿತು. ಅವರ ಮನೆಗೆ ಹೋದರೆ ಊಟಕ್ಕೆ ಮುಂಚೆ ಉಪ್ಪಿನಕಾಯಿ ಬರುತ್ತದೆ. ಮಿಡಿ, ನಿಂಬೆ, ಹೇರಳೆಕಾಯಿ, ಏನಿದೆಯೋ ಅದು.

ಶಿಕಾಗೋದವರಿಗೂ ಒಂದು ಉಪ್ಪಿನಕಾಯಿ ಇದೆ. ಹೆಸರು ಜಾರ್ಡಿನೇರಾ. ಹೂಕೋಸು, ಕ್ಯಾರೆಟ್, ಸೆಲರಿ ದಂಟು, ಸೆರಾನೋ ಎನ್ನುವ ಖಾರದ ಹಸಿಮೆಣಸಿನಕಾಯಿ, ಕೆಲವೊಮ್ಮೆ ಆಲಿವ್. ಎಲ್ಲವನ್ನೂ ಸಣ್ಣಗೆ ಹೆಚ್ಚಿ, ಒಂದು ರಾತ್ರಿ ಉಪ್ಪುನೀರಲ್ಲಿ ಇಟ್ಟು, ಬಸಿದು, ವಿನೆಗರ್ ಮತ್ತು ಎಣ್ಣೆಯಲ್ಲಿ ಹಾಕಿಡುತ್ತಾರೆ. ಇಟಲಿಯಿಂದ ವಲಸೆ ಬಂದವರು ತಂದ ತಿನಿಸು ಇದು. ಇಟಲಿಯಲ್ಲಿ ತರಕಾರಿ ಹೋಳು ದೊಡ್ಡದು, ಬರೀ ವಿನೆಗರ್‌ನಲ್ಲಿರುತ್ತದೆ. ಶಿಕಾಗೋಗೆ ಬಂದ ಮೇಲೆ ಹೋಳು ಸಣ್ಣದಾಯಿತು, ಖಾರ ಏರಿತು, ಎಣ್ಣೆ ಸೇರಿತು. ಮಾರ್ಕೋನಿ ಬ್ರಾಂಡಿನ ಹೆಸರಲ್ಲಿ ಇದನ್ನು ಮಾರುವ ಕಂಪನಿ ಅಲ್ಲಿ ಶುರುವಾದದ್ದು 1898ರಲ್ಲಿ.

ಇದು ಮೊದಲಿಗೆ ‘ಇಟಾಲಿಯನ್ ಬೀಫ್’ ಎನ್ನುವ ದನದ ಮಾಂಸದ ಸ್ಯಾಂಡ್‌ವಿಚ್‌ನ ಜೊತೆಗಾರ. ಈಗ ಬರ್ಗರ್, ಹಾಟ್‌ಡಾಗ್, ಪಿಜ್ಜಾ, ಮೊಟ್ಟೆ ಯಾವುದರ ಮೇಲಾದರೂ ಬೀಳುತ್ತದೆ. ಶಿಕಾಗೋ ಹಾಟ್‌ಡಾಗ್‌ಗೆ ಅದರದೇ ಕಟ್ಟುಪಾಡಿದೆ: ಗಸಗಸೆ ಉದುರಿಸಿದ ಬನ್, ಹಳದಿ ಸಾಸಿವೆ, ಎದ್ದು ಕಾಣುವ ಹಸಿರು ಬಣ್ಣದ ಸಿಹಿ ರೆಲಿಷ್, ಈರುಳ್ಳಿ, ಟೊಮೆಟೊ, ಸೌತೆಕಾಯಿ ಉಪ್ಪಿನಕಾಯಿಯ ಒಂದು ಸೀಳು, ಸ್ಪೋರ್ಟ್ ಪೆಪರ್ ಎನ್ನುವ ಪುಟ್ಟ ಮೆಣಸು, ಸೆಲರಿ ಉಪ್ಪು. ಕೆಚಪ್ ಹಾಕಿದರೆ ಹಳಬರು ಮುಖ ಕಿವುಚುತ್ತಾರೆ. ಜಾರ್ಡಿನೇರಾ ಆ ಪಟ್ಟಿಯಲ್ಲಿಲ್ಲ. ಆದರೂ ಖಾರ ಬೇಕಾದವರು ಕೇಳಿ ಹಾಕಿಸಿಕೊಳ್ಳುತ್ತಾರೆ.

ನಮ್ಮವರಿಗೆ ಇದು ಹಿಡಿಸಿದ್ದರಲ್ಲಿ ಆಶ್ಚರ್ಯ ಏನೂ ಇಲ್ಲ, ಅಲ್ವಾ? ಸಸ್ಯಾಹಾರಿ ಬರ್ಗರ್, ಸಸ್ಯಾಹಾರಿ ಹಾಟ್‌ಡಾಗ್ ಎರಡೂ ಸಪ್ಪೆ. ಅದರ ಮೇಲೆ ಒಂದು ಚಮಚ ಜಾರ್ಡಿನೇರಾ ಬಿದ್ದರೆ ಊಟದ ಕಳೆಯೇ ಬೇರೆ. ಅಕ್ಕ ಮನೆಯಲ್ಲೇ ಮಾಡಲು ಶುರು ಮಾಡಿದ್ದು ಹೀಗೆ. ಬೆಳ್ಳುಳ್ಳಿ ಎಸಳನ್ನು ಇಡಿಯಾಗಿ ಹಾಕಿದರು, ಸಾಸಿವೆ ಇಂಗಿನ ಒಗ್ಗರಣೆ ಕೊಟ್ಟರು. ನಾನು ತಿಂದಿದ್ದೇನೆ. ಬಹಳ ರುಚಿಯಾಗಿತ್ತು. ಒಂದು ಬೇಸಿಗೆಯ ಪಿಕ್‌ನಿಕ್‌ಗೆ ತಂದರು. ಆಮೇಲೆ ಕೇಳಿದವರಿಗೆಲ್ಲ ಕೊಟ್ಟರು. ‘ಮಾರಿ ಅಕ್ಕಾ, ನಾವು ತಗೋತೀವಿ’ ಅಂತ ಎಲ್ಲರೂ ಹೇಳಿದರು.

ಅಕ್ಕನಿಗೂ ಅದು ಸರಿ ಅನಿಸಿತು. ಇಲಿನಾಯ್ ರಾಜ್ಯದಲ್ಲಿ ಮನೆ ಅಡುಗೆ ಮಾರಲು ಒಂದು ಕಾನೂನಿದೆ. 2022ರ ಜನವರಿ 1ರಿಂದ ಅದನ್ನು ಸಡಿಲ ಮಾಡಿದರು. ಸಂತೆಯಲ್ಲಷ್ಟೇ ಅಲ್ಲದೆ ಮನೆಯಿಂದಲೂ, ಆನ್‌ಲೈನಲ್ಲೂ ನೇರವಾಗಿ ತಿನ್ನುವವರಿಗೆ ಮಾರಬಹುದು. ಸ್ಥಳೀಯ ಆರೋಗ್ಯ ಇಲಾಖೆಯಲ್ಲಿ ನೋಂದಾಯಿಸಬೇಕು. ಉಪ್ಪಿನಕಾಯಿಯಂಥ ಹುಳಿ ಸೇರಿಸಿದ ಪದಾರ್ಥವಾದರೆ ಪರೀಕ್ಷೆ ಮಾಡಿದ ರೆಸಿಪಿ ತೋರಿಸಬೇಕು, ಇಲ್ಲವೇ ಅದರ ಪಿಎಚ್ 4.6ನ್ನು ಮೀರುವುದಿಲ್ಲ ಅಂತ ಲ್ಯಾಬ್ ವರದಿ ಕೊಡಬೇಕು. ಪಿಎಚ್ ಅಂದರೆ ಹುಳಿಯ ಅಳತೆ. ಅಂಕಿ ಕಡಿಮೆಯಾದಷ್ಟೂ ಹುಳಿ ಜಾಸ್ತಿ.

ನಾನು ಆಹಾರ ಪರೀಕ್ಷೆಯ ಕೆಲಸದಲ್ಲಿದ್ದೇನೆ. ಅರ್ಜಿ ತುಂಬಲು ಸಹಾಯ ಮಾಡು ಅಂತ ಅಕ್ಕ ಕರೆದರು. ಪ್ರಕರಣ ಇಲ್ಲಿಂದ ಶುರು.

ಅಡುಗೆಮನೆ ಕಟ್ಟೆಯ ಮೇಲಿದ್ದ ಬಾಟಲಿ

ಅವತ್ತು ಕಟ್ಟೆಯ ಮೇಲೆ ಒಂದು ಗಾಜಿನ ಬಾಟಲಿ ಇತ್ತು. ಮೇಲೆ ಎರಡು ಬೆರಳಷ್ಟು ತಿಳಿ ಹೊಂಬಣ್ಣದ ಎಣ್ಣೆ. ಕೆಳಗೆ ಬಿಳಿ, ಕೇಸರಿ, ಹಸಿರು ತುಂಡುಗಳು. ಗಾಜಿಗೆ ಒತ್ತಿಕೊಂಡಂತೆ ನಾಲ್ಕೈದು ಇಡೀ ಬೆಳ್ಳುಳ್ಳಿ. ನೋಡಲು ಚೆಂದ. ನನ್ನ ಕಣ್ಣು ಮಾತ್ರ ಆ ಬೆಳ್ಳುಳ್ಳಿಯ ಮೇಲೇ ನಿಂತಿತು.

‘ಇದು ಎಷ್ಟು ದಿನದಿಂದ ಹೊರಗಿದೆ ಅಕ್ಕಾ?’

‘ಮೂರು ವಾರ. ಮೇಲೆ ಎಣ್ಣೆ ಇದೆಯಲ್ಲ, ಏನೂ ಆಗಲ್ಲ.’

ನಮ್ಮಲ್ಲಿ ಇದನ್ನು ಕೇಳದ ಮನೆ ಇಲ್ಲ. ಎಣ್ಣೆ ಮೇಲೆ ನಿಂತಿರಬೇಕು, ಆಗ ಉಪ್ಪಿನಕಾಯಿ ಕೆಡುವುದಿಲ್ಲ. ಬೂಸ್ಟು ಬರಬಾರದು ಅನ್ನುವಷ್ಟಕ್ಕೆ ಅದು ನಿಜ. ಬೂಸ್ಟಿಗೆ ಗಾಳಿ ಬೇಕು, ಎಣ್ಣೆ ಗಾಳಿ ತಡೆಯುತ್ತದೆ.

ಆದರೆ ಕ್ಲಾಸ್ಟ್ರಿಡಿಯಂ ಬಾಟುಲಿನಂ ಎಂಬ ಬ್ಯಾಕ್ಟೀರಿಯಾಗೆ ಗಾಳಿ ಇದ್ದರೆ ಆಗುವುದಿಲ್ಲ. ಅದರ ಬೀಜಾಣುಗಳು ಮಣ್ಣಿನಲ್ಲಿರುತ್ತವೆ. ಮಣ್ಣಲ್ಲಿ ಬೆಳೆಯುವ ಬೆಳ್ಳುಳ್ಳಿ, ಕ್ಯಾರೆಟ್‌ಗಳ ಜೊತೆ ಮನೆಗೆ ಬರುತ್ತವೆ. ತೊಳೆದರೆ ಪೂರ್ತಿ ಹೋಗುವುದಿಲ್ಲ, ನೀರಲ್ಲಿ ಕುದಿಸಿದರೂ ಸಾಯುವುದಿಲ್ಲ. ತೇವ ಇದ್ದು, ಗಾಳಿ ಇಲ್ಲದೆ, ಹುಳಿ ಕಡಿಮೆಯಾಗಿ, ಬೆಚ್ಚಗೆ ಇದ್ದರೆ ಅವು ಎದ್ದು ವಿಷ ತಯಾರಿಸುತ್ತವೆ. ಆ ವಿಷಕ್ಕೆ ವಾಸನೆ ಇಲ್ಲ, ರುಚಿಯಿಂದಲೂ ಗೊತ್ತಾಗುವುದಿಲ್ಲ. 1985ರಲ್ಲಿ ಕೆನಡಾದ ವ್ಯಾಂಕೂವರ್‌ನ ಒಂದು ರೆಸ್ಟೊರೆಂಟಿನಲ್ಲಿ ತಿಂದ 36 ಜನರಿಗೆ ಬಾಟುಲಿಸಂ, ಅಂದರೆ ಈ ವಿಷದಿಂದ ಬರುವ ಕಾಯಿಲೆ, ಆಗಿತ್ತು. ಕಾರಣ, ಎಣ್ಣೆಯಲ್ಲಿ ಹಾಕಿಟ್ಟ ಬೆಳ್ಳುಳ್ಳಿ. ಫ್ರಿಜ್‌ನಲ್ಲಿ ಇಡಬೇಕಾದ್ದನ್ನು ಹೊರಗೆ ಇಟ್ಟಿದ್ದರು. 1989ರಲ್ಲಿ ಅಮೆರಿಕದಲ್ಲೂ ಹೀಗೇ ಆದ ಮೇಲೆ, ಎಣ್ಣೆಯಲ್ಲಿ ಹಾಕಿ ಮಾರುವ ಬೆಳ್ಳುಳ್ಳಿಗೆ ಹುಳಿ ಸೇರಿಸಲೇಬೇಕು ಅಂತ ಅಲ್ಲಿನ ಆಹಾರ ಮತ್ತು ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಹೇಳಿತು. ಇಲಿನಾಯ್‌ನ ಮನೆ ಅಡುಗೆ ಕಾನೂನಿನಲ್ಲೂ ಹುಳಿ ಸೇರಿಸದ ಬೆಳ್ಳುಳ್ಳಿ ಎಣ್ಣೆ ನಿಷಿದ್ಧ.

ಇಷ್ಟೆಲ್ಲ ಹೇಳಿದಾಗ ಅಕ್ಕ ಒಳಗೆ ಹೋಗಿ ಪಿಎಚ್ ಅಳೆಯುವ ಕಾಗದದ ಪಟ್ಟಿಗಳ ಡಬ್ಬಿ ತಂದರು. ಅವರು ಬೇಜವಾಬ್ದಾರಿ ಹೆಂಗಸಲ್ಲ. ಪರೀಕ್ಷೆ ಮಾಡಿದ್ದರು. ‘ನೋಡು, 4 ತೋರಿಸಿತ್ತು’ ಅಂದರು. ಯಾವಾಗ ಅದ್ದಿದಿರಿ ಅಂತ ಕೇಳಿದೆ. ತರಕಾರಿಗೆ ವಿನೆಗರ್ ಹಾಕಿದ ಅರ್ಧ ಗಂಟೆಗೆ, ಪಾತ್ರೆಯ ತಳದ ನೀರಿಗೆ ಅದ್ದಿದ್ದರಂತೆ.

ಹಾಗಾದರೆ ಅವರು ಅಳೆದದ್ದು ವಿನೆಗರ್‌ನ ಹುಳಿಯನ್ನು. ಹೂಕೋಸಿನ ಒಳಗಿನ ಹುಳಿಯನ್ನಲ್ಲ.

4.81

ಅಲ್ಲೇ ಕೂತು ಸರಿಯಾಗಿ ಅಳೆದೆವು. ವಿಧಾನ ಕಷ್ಟದ್ದಲ್ಲ, ಬರೆಯುತ್ತೇನೆ. ಮೊದಲು ಪಿಎಚ್ ಮೀಟರನ್ನು ಪಿಎಚ್ 4 ಮತ್ತು 7 ಇರುವ ದ್ರಾವಣಗಳಲ್ಲಿ ಸರಿಹೊಂದಿಸಬೇಕು. ಬಾಟಲಿಯ ಎಣ್ಣೆಯನ್ನು ಪೂರ್ತಿ ಬಸಿಯಬೇಕು, ಎಣ್ಣೆ ಮೀಟರ್‌ಗೆ ಅಂಟಿದರೆ ಅಂಕಿ ಕೆಡುತ್ತದೆ. ಉಳಿದ ತರಕಾರಿಗೆ 100 ಗ್ರಾಮಿಗೆ 20 ಮಿಲಿಯಂತೆ ಡಿಸ್ಟಿಲ್ಡ್ ನೀರು ಹಾಕಿ ಮಿಕ್ಸಿಯಲ್ಲಿ ನುಣ್ಣಗೆ ರುಬ್ಬಬೇಕು. ಆ ಚಟ್ನಿಯಲ್ಲಿ ಮೀಟರ್ ಇಡಬೇಕು.

ಅಂಕಿ ಏರಿಳಿದು 4.81ಕ್ಕೆ ನಿಂತಿತು. 4.6ರ ಮಿತಿ ದಾಟಿತ್ತು. ಬೆಳ್ಳುಳ್ಳಿ ಎಸಳನ್ನಷ್ಟೇ ಬೇರೆ ತೆಗೆದು ರುಬ್ಬಿದಾಗ 5.4. ಮೂರು ವಾರ ವಿನೆಗರ್‌ನಲ್ಲಿದ್ದರೂ ಇಡೀ ಎಸಳಿನ ಒಳಗೆ ಹುಳಿ ಇಳಿದಿರಲಿಲ್ಲ. ಸುತ್ತ ಎಣ್ಣೆ ಮುತ್ತಿಕೊಂಡಿದ್ದೂ ಒಂದು ಕಾರಣ ಅಂತ ನನ್ನ ಅಂದಾಜು.

ಹೀಗೇಕಾಯಿತು ಅಂತ ಅಳತೆ ಬರೆದುಕೊಂಡೆವು. ಅಕ್ಕ ಆರಂಭಿಸಿದ ರೆಸಿಪಿಯಲ್ಲಿ ವಿನೆಗರ್ ಮತ್ತು ಎಣ್ಣೆ ಸಮಸಮ ಇತ್ತು. ಮನೆಯಲ್ಲಿ ವಿನೆಗರ್ ವಾಸನೆ ಯಾರಿಗೂ ಆಗದು. ಪ್ರತಿ ಸಲ ಸ್ವಲ್ಪ ಕಡಿಮೆ ಮಾಡಿದರು. ಬಾಟಲಿ ತುಂಬಬೇಕಲ್ಲ, ಅಷ್ಟೇ ಎಣ್ಣೆ ಜಾಸ್ತಿ ಮಾಡಿದರು. ಕೊನೆಗೆ ಮೂರೂವರೆ ಕಿಲೋ ತರಕಾರಿಗೆ 1 ಕಪ್ ವಿನೆಗರ್, 4 ಕಪ್ ಎಣ್ಣೆಗೆ ಬಂದು ನಿಂತಿತ್ತು. ಅಮೆರಿಕದ ಕೃಷಿ ಇಲಾಖೆ ಪರೀಕ್ಷಿಸಿ ಕೊಟ್ಟಿರುವ, ಎಣ್ಣೆ ಹಾಕುವ ಮೆಣಸಿನಕಾಯಿಯ ರೆಸಿಪಿ ಒಂದಿದೆ. ಅದರಲ್ಲಿ 4 ಪೌಂಡ್, ಅಂದರೆ ಸುಮಾರು 1.8 ಕಿಲೋ ಮೆಣಸಿಗೆ 2 ಕಪ್ ವಿನೆಗರ್, 1 ಕಪ್ ಬಾಟಲಿ ನಿಂಬೆರಸ, ಎಣ್ಣೆ ಬರೀ 1 ಕಪ್. ಹುಳಿ ಮೂರು ಪಾಲು, ಎಣ್ಣೆ ಒಂದು ಪಾಲು. ಅಕ್ಕನದು ಇದಕ್ಕೆ ಪೂರ್ತಿ ತಲೆಕೆಳಗು.

ಒಂದೇ ಸಲಕ್ಕೆ ಇಷ್ಟು ಬದಲಾಗಿದ್ದರೆ ಅಕ್ಕನೇ ಗಮನಿಸುತ್ತಿದ್ದರು. ಅರ್ಧರ್ಧ ಕಪ್ಪು ಕಡಿಮೆಯಾದದ್ದರಿಂದ ಕಣ್ಣಿಗೆ ಬೀಳಲಿಲ್ಲ.

ಭಾವನಿಗೆ ಇದು ಅತಿಯಾಯಿತು ಅನಿಸಿತು. ‘ನಮ್ಮಮ್ಮ ಐವತ್ತು ವರ್ಷದಿಂದ ಉಪ್ಪಿನಕಾಯಿ ಹಾಕ್ತಿದ್ದಾರೆ, ಯಾರಿಗೆ ಏನಾಗಿದೆ?’ ಅಂದರು. ಅದು ನ್ಯಾಯವಾದ ಪ್ರಶ್ನೆ. ನಾನು ಉತ್ತರ ಹುಡುಕುತ್ತಿರುವಾಗಲೇ ಅಕ್ಕ ಊರಿಗೆ ಫೋನ್ ಹಚ್ಚಿ ಅತ್ತೆಯನ್ನೇ ಕೇಳಿದರು. ಅತ್ತೆ ಎಲ್ಲವನ್ನೂ ಕೇಳಿಸಿಕೊಂಡು ಹೇಳಿದ್ದು ಇಷ್ಟು:

‘ನಾನು ಅಪ್ಪೆಮಿಡಿಗೆ ಎಣ್ಣೆ ಯಾವತ್ತು ಹಾಕಿದ್ದೆ? ಮಿಡಿಗೆ ಅದರದ್ದೇ ಹುಳಿ ಇದೆ, ಮೇಲೆ ನಾನು ಸುರಿಯೋ ಉಪ್ಪಿದೆ. ಹೂಕೋಸಲ್ಲಿ ಹುಳಿ ಎಲ್ಲಿದೆ ಮಾರಾಯ್ತಿ?’

ಇಡೀ ಪ್ರಕರಣ ತಿರುಗಿದ್ದು ಆ ಮಾತಿನಲ್ಲಿ. ಸಾಗರ, ಸಿರ್ಸಿ ಕಡೆಯ ಮಿಡಿ ಉಪ್ಪಿನಕಾಯಿ ನೋಡಿದವರಿಗೆ ಗೊತ್ತು. ಒಂದು ಪದರ ಮಿಡಿ, ಒಂದು ಪದರ ಹರಳುಪ್ಪು. ಮಿಡಿ ನೀರು ಬಿಟ್ಟು ಸುರುಟಿಕೊಳ್ಳುತ್ತದೆ. ಆಮೇಲೆ ಅದೇ ಉಪ್ಪುನೀರಲ್ಲಿ ಸಾಸಿವೆ, ಮೆಣಸಿನಕಾಯಿ ಅರೆದು ಸೇರಿಸುತ್ತಾರೆ. ಭರಣಿಯಲ್ಲಿ ವರ್ಷಗಟ್ಟಲೆ ಇರುತ್ತದೆ, ಹನಿ ಎಣ್ಣೆ ಇಲ್ಲ. ಅದನ್ನು ಕಾಯುವುದು ಹುಳಿ ಮತ್ತು ಉಪ್ಪು. ಎಣ್ಣೆ ಹಾಕುವ ಮಾವಿನಕಾಯಿ ಉಪ್ಪಿನಕಾಯಿಯಲ್ಲೂ ನಿಜವಾದ ಕೆಲಸ ಮಾಡುವುದು ಅವೆರಡೇ. ಹೂಕೋಸು, ಕ್ಯಾರೆಟ್, ಬೆಳ್ಳುಳ್ಳಿಗೆ ಸ್ವಂತ ಹುಳಿ ಇಲ್ಲ. ಜಾರ್ಡಿನೇರಾಕ್ಕೆ ನಮ್ಮ ಉಪ್ಪಿನಕಾಯಿಯಷ್ಟು ಉಪ್ಪೂ ಬೀಳುವುದಿಲ್ಲ. ಅಲ್ಲಿ ಎಲ್ಲ ಭಾರ ವಿನೆಗರ್ ಮೇಲೆ. ಅದನ್ನೇ ಅಕ್ಕ ಕಡಿಮೆ ಮಾಡಿದ್ದರು.

ಭಾವ ಆಮೇಲೆ ವಾದ ಮಾಡಲಿಲ್ಲ.

ಊರೆಲ್ಲ ಹಂಚಿದ 31 ಬಾಟಲಿ

ಆ ಬ್ಯಾಚಿನಲ್ಲಿ 48 ಬಾಟಲಿ ಮಾಡಿದ್ದರು. ಮನೆಯಲ್ಲಿ 17 ಇತ್ತು. 31 ಹೊರಗೆ ಹೋಗಿತ್ತು. ಬಾಟಲಿಯ ಮೇಲೆ ಚೀಟಿ ಇತ್ತು, ‘ಫ್ರಿಜ್‌ನಲ್ಲಿಡಿ’ ಅಂತ ಬರೆದಿರಲಿಲ್ಲ. ನಮ್ಮ ಜನ ಉಪ್ಪಿನಕಾಯಿ ಎಲ್ಲಿಡುತ್ತಾರೆ? ಕಪಾಟಿನಲ್ಲಿ.

ಈ ಭಾಗವನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು, ಏಕೆಂದರೆ ರೆಸಿಪಿ ಸರಿ ಮಾಡುವುದಕ್ಕಿಂತ ಕಷ್ಟವಾದದ್ದು ಇದು. ‘ಸುಮ್ನೆ ಯಾಕೆ ಹೆದರಿಸೋದು, ಫ್ರಿಜ್‌ನಲ್ಲಿ ಇಡಿ ಅಂತಷ್ಟೇ ಹೇಳೋಣ’ ಅನ್ನುವ ಯೋಚನೆ ಬಂತು. ನನಗೆ ಅದು ಸರಿ ಕಾಣಲಿಲ್ಲ. ಹೊರಗೆ ಬೆಚ್ಚಗಿದ್ದಾಗ ವಿಷ ಆಗಲೇ ಹುಟ್ಟಿದ್ದರೆ ತಂಪು ಅದನ್ನು ತೆಗೆಯುವುದಿಲ್ಲ. ಅಕ್ಕ ತುಂಬ ಹೊತ್ತು ಮಾತಾಡಲಿಲ್ಲ. ಆಮೇಲೆ ‘ಎಲ್ಲ ವಾಪಸ್’ ಅಂದರು.

ಮೊದಲು ವಾಟ್ಸಾಪ್‌ನಲ್ಲಿ ಒಂದು ಸಂದೇಶ ಹಾಕಿದೆವು. ಅದನ್ನು ಬರೆದದ್ದರಲ್ಲಿ ನನ್ನ ಪಾಲೂ ಇದೆ, ಮತ್ತು ಅದು ಚೆನ್ನಾಗಿರಲಿಲ್ಲ. ‘ಈ ಸಲದ ಜಾರ್ಡಿನೇರಾದಲ್ಲಿ ಹುಳಿ ಸ್ವಲ್ಪ ಕಡಿಮೆ ಬಿದ್ದಿದೆ, ದಯವಿಟ್ಟು ಬಳಸಬೇಡಿ, ಹೊಸದು ಕೊಡುತ್ತೇನೆ.’ ಇದನ್ನು ಓದಿದವರು ರುಚಿಯ ಮಾತು ಅಂದುಕೊಂಡರು. ‘ನಮಗೆ ಹಾಗೇ ಇಷ್ಟ ಅಕ್ಕಾ’, ‘ಸೂಪರ್ ಆಗಿದೆ, ಏನೂ ಆಗಿಲ್ಲ’ ಅಂತ ಉತ್ತರ ಬಂತು. ಆರು ಜನ ಮಾತ್ರ ಬಿಸಾಡಿದ್ದೇವೆ ಅಂದರು. ಮಾತು ಮೆತ್ತಗೆ ಮಾಡಿದ್ದರಿಂದ ಒಂದು ದಿನ ಹೋಯಿತು.

ಮರುದಿನ ಅಕ್ಕ ಒಬ್ಬೊಬ್ಬರಿಗೂ ಫೋನ್ ಮಾಡಿದರು. ನಾನು ಪಕ್ಕದಲ್ಲಿ ಪಟ್ಟಿ ಹಿಡಿದು ಕೂತಿದ್ದೆ. ‘ನಾನು ತಪ್ಪು ಮಾಡಿದ್ದೇನೆ. ಅದರಲ್ಲಿ ವಿಷ ಆಗಿರಬಹುದು. ರುಚಿ ನೋಡಬೇಡಿ, ಮುಚ್ಚಳ ತೆಗೆಯದೆ ಎಸೆಯಿರಿ.’ ಇಷ್ಟೇ ಮಾತು, ಪ್ರತಿಯೊಬ್ಬರಿಗೂ. ಕೆಲವರ ಜೊತೆ ಮಾತಾಡುವಾಗ ಅವರ ಗಂಟಲು ಕಟ್ಟಿತು. 19 ಬಾಟಲಿ ಅವತ್ತು ಸಂಜೆಯೊಳಗೆ ಕಸಕ್ಕೆ ಹೋಯಿತು. ಐದು ಆಗಲೇ ಖಾಲಿಯಾಗಿತ್ತು. ಒಂದು ಬಾಟಲಿ ಯಾರದೋ ಸೂಟ್‌ಕೇಸ್‌ನಲ್ಲಿ ಬೇರೆ ರಾಜ್ಯಕ್ಕೆ ಹೋಗಿತ್ತು. ಅವರನ್ನು ಹಿಡಿಯಲು ಎರಡು ದಿನ ಬೇಕಾಯಿತು.

ತಿಂದು ಮುಗಿಸಿದವರಿಗೆ ಲಕ್ಷಣಗಳನ್ನು ಬಿಡಿಸಿ ಹೇಳಿದೆವು. ಒಂದು ವಸ್ತು ಎರಡಾಗಿ ಕಾಣುವುದು, ರೆಪ್ಪೆ ಜೋತುಬೀಳುವುದು, ಮಾತು ತೊದಲುವುದು, ನುಂಗಲು ಕಷ್ಟ, ಕೈಕಾಲಿನ ಬಲ ಕುಂದುವುದು. ಸಾಮಾನ್ಯವಾಗಿ 12ರಿಂದ 36 ಗಂಟೆಯಲ್ಲಿ ಕಾಣಿಸುತ್ತದೆ, ಕೆಲವೊಮ್ಮೆ ಹಲವು ದಿನ ತಡವಾಗಿ. ಹೀಗಾದರೆ ಕಾಯದೆ ತುರ್ತು ಚಿಕಿತ್ಸೆಗೆ ಹೋಗಬೇಕು, ಏನು ತಿಂದಿರಿ ಅಂತ ಹೇಳಬೇಕು. ಇದಕ್ಕೆ ಪ್ರತಿವಿಷ ಇದೆ, ಬೇಗ ಕೊಟ್ಟಷ್ಟೂ ಒಳ್ಳೆಯದು. ಯಾರಿಗೂ ಏನೂ ಆಗಲಿಲ್ಲ. ಬಾಟಲಿಗಳಲ್ಲಿ ವಿಷ ಇತ್ತೇ ಅಂತ ನಾವು ಪರೀಕ್ಷಿಸಲಿಲ್ಲ. ವಿಷ ಹುಟ್ಟಲು ಬೇಕಾದ ಎಲ್ಲವೂ ಅಲ್ಲಿತ್ತು, ಎಸೆಯಲು ಅಷ್ಟು ಸಾಕಿತ್ತು.

ಮತ್ತೆ ಮಾಡಿದ್ದು

ಎರಡು ತಿಂಗಳು ಅಕ್ಕ ಹೂಕೋಸು ಮುಟ್ಟಲಿಲ್ಲ. ಆಮೇಲೆ ಅವರೇ ಫೋನ್ ಮಾಡಿ, ಸರಿಯಾಗಿ ಮಾಡೋಣ ಬಾ ಅಂದರು.

ಮೊದಲ ಪ್ರಯತ್ನದಲ್ಲಿ ಎರಡು ಪಾಲು ವಿನೆಗರ್, ಒಂದು ಪಾಲು ಎಣ್ಣೆ. ಪಿಎಚ್ 3.9 ಬಂತು. ಮಕ್ಕಳು ಬಾಯಿಗಿಟ್ಟು ತಟ್ಟೆಯ ಅಂಚಿಗೆ ಸರಿಸಿದರು. ಎರಡನೆಯದಕ್ಕೆ ವಿನೆಗರ್ ಕಡಿಮೆ ಮಾಡಿ ತಾಜಾ ನಿಂಬೆ ಹಿಂಡಿದರು. ರುಚಿ ಚೆನ್ನಾಗಿತ್ತು, ಅಂಕಿ ಮಾತ್ರ ಒಂದು ಸಲ 4.1, ಇನ್ನೊಂದು ಸಲ 4.4. ಎಲ್ಲ ನಿಂಬೆಹಣ್ಣಿನ ಹುಳಿ ಒಂದೇ ಅಲ್ಲವಲ್ಲ. ಪರೀಕ್ಷಿತ ರೆಸಿಪಿಗಳಲ್ಲಿ ಬಾಟಲಿ ನಿಂಬೆರಸವನ್ನೇ ಹೇಳುವುದು ಇದಕ್ಕೇ.

ದಾರಿ ಸಿಕ್ಕಿದ್ದು ಅಕ್ಕನ ನಾಲಿಗೆಯಿಂದ. ‘ಹುಳಿ ಇಳಿಸೋದು ಬೇಡ, ಸ್ವಲ್ಪ ಸಿಹಿ ಹಾಕೋಣ’ ಅಂದರು. ನಿಂಬೆಹುಳಿ ಉಪ್ಪಿನಕಾಯಿಗೆ ಬೆಲ್ಲ ಹಾಕುವ ಲೆಕ್ಕ. ಸಕ್ಕರೆ ಹಾಕಿದರೆ ನಾಲಿಗೆಗೆ ಹುಳಿ ಹಿತವಾಗುತ್ತದೆ, ಪಿಎಚ್ ಇದ್ದಲ್ಲೇ ಇರುತ್ತದೆ. ತರಕಾರಿಯನ್ನು ಇನ್ನೂ ಸಣ್ಣಗೆ ಹೆಚ್ಚಿದರು. ಬೆಳ್ಳುಳ್ಳಿಯನ್ನು ಕಾಗದದಷ್ಟು ತೆಳ್ಳಗೆ ಸೀಳಿದರು. ಎಲ್ಲವನ್ನೂ ಎಣ್ಣೆ ಸೋಕಿಸದೆ ಎರಡು ದಿನ 5 ಶೇಕಡಾ ವಿನೆಗರ್ ಮತ್ತು ಬಾಟಲಿ ನಿಂಬೆರಸದಲ್ಲಿ ಮುಳುಗಿಸಿ ಫ್ರಿಜ್‌ನಲ್ಲಿಟ್ಟರು. ಹುಳಿ ಒಳಗಿಳಿದ ಮೇಲಷ್ಟೇ ಎಣ್ಣೆ, ಅದೂ ಮೇಲೆ ಹೊಳಪು ಬರುವಷ್ಟು. ಒಗ್ಗರಣೆ ಆರಿಸಿ ಹಾಕಿದರು. ಮರುದಿನ ಅಳೆದಾಗ 3.7, ಮೂರು ದಿನ ಬಿಟ್ಟು ಅಳೆದಾಗಲೂ 3.7. ಬೆಳ್ಳುಳ್ಳಿ ಮಾತ್ರ ತೆಗೆದು ರುಬ್ಬಿದಾಗ 3.8.

ಅದನ್ನು ಹೊರಗಿನ ಲ್ಯಾಬ್‌ಗೆ ಕಳಿಸಿದೆವು, ವರದಿ ಸರಿ ಬಂತು, ಅರ್ಜಿ ಒಪ್ಪಿಗೆಯಾಯಿತು. ಈಗ ಚೀಟಿಯ ಮೇಲೆ ಮಾಡಿದ ದಿನಾಂಕ ಇದೆ, ಕಾನೂನು ಕೇಳುವ ಎಚ್ಚರಿಕೆ ಮಾತು ಇದೆ. ಕೆಳಗೆ ಕನ್ನಡದಲ್ಲಿ ದಪ್ಪ ಅಕ್ಷರದಲ್ಲಿ: ‘ಕಪಾಟಿನಲ್ಲಿ ಬೇಡ, ಫ್ರಿಜ್‌ನಲ್ಲಿ.’ ಮೊದಲಿನದೇ ರುಚಿ ಬೇಕು ಅನ್ನುವವರು ಈಗಲೂ ಇದ್ದಾರೆ. ಭಾವನೂ ಅವರಲ್ಲಿ ಒಬ್ಬರು. ಅಕ್ಕ ಬಗ್ಗುವುದಿಲ್ಲ.

ಮನೆಯಲ್ಲಿ ಮಾಡುವವರಿಗೆ

ಈ ಅಳತೆಗಳು ಅಕ್ಕನ ಬಾಟಲಿಗೆ ಸೇರಿದವು. ದಯವಿಟ್ಟು ಇದನ್ನೇ ರೆಸಿಪಿ ಅಂತ ಹಿಡಿಯಬೇಡಿ, ಪರೀಕ್ಷಿತ ರೆಸಿಪಿಯನ್ನೇ ಹಿಡಿಯಿರಿ. ಅದರಲ್ಲಿ ಒಣ ಮಸಾಲೆ ನಿಮ್ಮಿಷ್ಟ, ವಿನೆಗರ್ ಮಾತ್ರ ಇಳಿಸಬೇಡಿ. ರೆಸಿಪಿಯನ್ನು ಸ್ವಲ್ಪಸ್ವಲ್ಪ ಬದಲಿಸುವ ಅಭ್ಯಾಸ ಇದ್ದರೆ ಪ್ರತಿ ಸಲದ ಅಳತೆ ಬರೆದಿಡಿ. ಅಕ್ಕ ಬರೆದಿಟ್ಟಿದ್ದರೆ ಮೂರನೇ ಸಲಕ್ಕೇ ಕಣ್ಣಿಗೆ ಬೀಳುತ್ತಿತ್ತು. ಕಾಗದದ ಪಟ್ಟಿಯನ್ನು ನಂಬುವುದು 4ಕ್ಕಿಂತ ಕೆಳಗಿದ್ದಾಗ ಮಾತ್ರ. 4ರಿಂದ 4.6ರ ನಡುವೆ ಮೀಟರ್ ಬೇಕೇ ಬೇಕು. ಅಳೆಯುವುದು ರುಬ್ಬಿದ ತರಕಾರಿಯನ್ನು, ಒಂದು ದಿನವಾದರೂ ಕಳೆದ ಮೇಲೆ.

ಇದನ್ನು ಓದುವಾಗ ನಿಮ್ಮ ಕಪಾಟಿನಲ್ಲಿ ಎಣ್ಣೆಯಲ್ಲಿ ಮುಳುಗಿದ ಬೆಳ್ಳುಳ್ಳಿಯೋ ತರಕಾರಿಯೋ ಇದ್ದು, ಹುಳಿ ಎಷ್ಟು ಹಾಕಿದ್ದಿರಿ ಅಂತ ನೆನಪಾಗದಿದ್ದರೆ, ಮೂಸಬೇಡಿ, ರುಚಿ ನೋಡಬೇಡಿ. ಮುಚ್ಚಳ ತೆಗೆಯದೆ, ಎರಡು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ನಾಯಿ ಬೆಕ್ಕಿಗೂ ಸಿಗದ ಹಾಗೆ ಕಸಕ್ಕೆ ಹಾಕಿ. ಯಾರಿಗಾದರೂ ಕೊಟ್ಟಿದ್ದರೆ ಇವತ್ತೇ ಫೋನ್ ಮಾಡಿ.